ವಾಯಿದೆ ತಪ್ಪಿದವರೆಲ್ಲ ಓಡಿಹೋದವರಲ್ಲ: ನಿವೃತ್ತ ಬೆಂಚ್ ಕ್ಲರ್ಕ್ ಒಬ್ಬರ ಬಹಿರಂಗ ಪತ್ರ

ಕರ್ನಾಟಕ ಹೈಕೋರ್ಟಿನ ಮಾನ್ಯ ಮುಖ್ಯ ನ್ಯಾಯಮೂರ್ತಿಗಳಿಗೆ, ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ಮತ್ತು ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ದಿನವೂ ಕೂತು ಕೇಸು ನಡೆಸುವ ಎಲ್ಲ ನ್ಯಾಯಾಧೀಶರಿಗೆ,

ನಮಸ್ಕಾರಗಳು.

ನಾನು ತಾಲ್ಲೂಕು ಕೋರ್ಟೊಂದರಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ನ್ಯಾಯಾಧೀಶರ ಪೀಠದ ಕೆಳಗೆ, ಫೈಲುಗಳ ರಾಶಿಯ ಹಿಂದೆ ಒಬ್ಬರು ತಲೆ ತಗ್ಗಿಸಿ ಬರೆಯುತ್ತಾ ಕೂತಿರುತ್ತಾರಲ್ಲ, ಅದೇ ಕುರ್ಚಿ ನನ್ನದು. ಕೇಸ್ ನಂಬರ್ ಓದುವುದು, ಆರ್ಡರ್ ಶೀಟು ತೆಗೆದು ಮುಂದಿಡುವುದು, ಮುಂದಿನ ವಾಯಿದೆ, ಅಂದರೆ ಕೇಸು ಮತ್ತೆ ಕೂಗುವ ತಾರೀಕು, ಬರೆದುಕೊಳ್ಳುವುದು ನನ್ನ ಕೆಲಸ. ನನ್ನ ಇಡೀ ಸರ್ವಿಸಿನಲ್ಲಿ ಅತಿ ಜಾಸ್ತಿ ಸಲ ಬರೆದ ಸಾಲು ಯಾವುದು ಅಂತ ಯಾರಾದರೂ ಕೇಳಿದರೆ ತಡಮಾಡದೆ ಹೇಳಬಲ್ಲೆ: "ಎ1 ಆಬ್ಸೆಂಟ್, ಇಪಿ ಇಲ್ಲ, ಎನ್‌ಬಿಡಬ್ಲ್ಯೂ." ಮೊದಲನೇ ಆರೋಪಿ ಬಂದಿಲ್ಲ, ಹಾಜರಾತಿಯಿಂದ ವಿನಾಯಿತಿ ಕೇಳಿ ಅರ್ಜಿ ಬಂದಿಲ್ಲ, ಜಾಮೀನುರಹಿತ ವಾರಂಟ್ ಹೊರಡಿಸಿ ಎಂದು ಅದರ ಅರ್ಥ. ಬರೆಯಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ.

ಈ ಪತ್ರ ಆ ಒಂದು ಸಾಲಿನ ಬಗ್ಗೆ. ವಾಯಿದೆ ಮರೆತವನಿಗೂ, ಬೇಕೆಂದೇ ತಲೆಮರೆಸಿಕೊಂಡವನಿಗೂ ನಮ್ಮ ಕೋರ್ಟುಗಳಲ್ಲಿ ಒಂದೇ ಕಾಗದ ಹೊರಡುತ್ತದೆ. ಇದನ್ನು ಬದಲಿಸಬೇಕು, ಬದಲಿಸಲು ಸಾಧ್ಯವಿದೆ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಕಾನೂನು ಕಲಿತವನಲ್ಲ ನಾನು. ಆದರೆ ಆ ಸಾಲು ಬರೆದ ಮೇಲೆ ಏನೇನಾಗುತ್ತದೆ ಎಂಬುದನ್ನು ಆ ಕುರ್ಚಿಯಲ್ಲಿ ಕೂತು ನೋಡಿದ್ದೇನೆ.

ಒಬ್ಬರ ಮುಖ ಮಾತ್ರ ಇನ್ನೂ ಕಣ್ಣ ಮುಂದಿದೆ. ಹೊಲದ ಬದುವಿನ ವಿಚಾರಕ್ಕೆ ಅಣ್ಣತಮ್ಮಂದಿರ ಮಕ್ಕಳ ನಡುವೆ ಆದ ಜಗಳ, ಹೊಡೆದಾಟದ ಕೇಸು. ಕೂಲಿ ಮಾಡುವ ಮನುಷ್ಯ. ಒಂದು ದಿನ ಬೆಳಿಗ್ಗೆಯೇ ಬಂದು ಬಾಗಿಲ ಪಕ್ಕ ನಿಂತಿದ್ದರು. ಒಗೆದ ಅಂಗಿ, ಜೊತೆಗೆ ಹೆಂಡತಿ. ಮಧ್ಯಾಹ್ನ ಮೂರು ಗಂಟೆಗೆ ಕೋರ್ಟ್ ಹಾಲ್ ಸ್ವಲ್ಪ ಖಾಲಿಯಾದಾಗ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಸಾರ್, ನಮ್ ಕೇಸು ಇನ್ನೂ ಕೂಗಿಲ್ವಾ?" ಅಂದಿನ ಪಟ್ಟಿಯಲ್ಲಿ ಅವರ ಕೇಸೇ ಇರಲಿಲ್ಲ. ಕೈಯಲ್ಲಿದ್ದ ಚೀಟಿ ಇಸಿದುಕೊಂಡು ನೋಡಿದೆ. ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಯಾರೋ ಗೀಚಿಕೊಟ್ಟ ತಾರೀಕು. ಅದು 11. ಎರಡನೇ ಒಂದರ ತಲೆ ಸ್ವಲ್ಪ ಬಾಗಿತ್ತು, ಅವರು 17 ಎಂದು ಓದಿಕೊಂಡಿದ್ದರು. ಕೇಸು ಆರು ದಿನದ ಹಿಂದೆಯೇ ಕೂಗಿ ಆಗಿತ್ತು. ವಾರಂಟ್ ಆಗಿತ್ತು. ಆ ಸಾಲು ಬರೆದವನು ನಾನೇ.

ಅವರ ವಕೀಲರು ಅಂದು ಬೇರೆ ಊರಿನ ಕೋರ್ಟಿಗೆ ಹೋಗಿದ್ದರು. "ವಕೀಲರನ್ನು ಕರೆದುಕೊಂಡು ಬನ್ನಿ, ವಾರಂಟ್ ವಾಪಸ್ ತೆಗೆದುಕೊಳ್ಳಿ ಅಂತ ರೀಕಾಲ್ ಅರ್ಜಿ ಹಾಕಿಸಿ" ಎಂದು ಹೇಳಿ ಕಳಿಸಿದೆ. ಅದಕ್ಕಿಂತ ಹೆಚ್ಚು ಮಾಡುವ ಅಧಿಕಾರ ನನಗೆ ಇರಲಿಲ್ಲ. ಆ ಮಾತು ಕೇಳಿದ ಮೇಲೆ ಅವರು ಹೆದರಿಬಿಟ್ಟರು. ಕೋರ್ಟ್ ಕಡೆ ಕಾಲಿಟ್ಟರೆ ಅಲ್ಲೇ ಹಿಡಿದು ಒಳಗೆ ಹಾಕುತ್ತಾರೆ ಅಂತ ಊರಿನವರು ಯಾರೋ ಹೇಳಿದ್ದರಂತೆ. ಮೂರು ವಾರ ಬರಲಿಲ್ಲ. ಆಮೇಲೆ ಪೊಲೀಸರು ಶನಿವಾರ ರಾತ್ರಿ ಮನೆಯಿಂದ ಕರೆತಂದರು. ಹಳೆಯ ಶೂರಿಟಿ, ಅಂದರೆ ಅವರ ಜಾಮೀನಿಗೆ ನಿಂತಿದ್ದವರು, "ನನಗೆ ನೋಟಿಸ್ ಬಂದಿದೆ, ಇನ್ನು ನಾನು ಬರಲ್ಲ" ಅಂದರು. ಹೊಸ ಶೂರಿಟಿ ಸಿಗುವ ತನಕ ಒಂಬತ್ತು ದಿನ ಜೈಲು. ಕೇಸು ಕೊನೆಗೆ ರಾಜಿಯಲ್ಲಿ ಮುಗಿಯಿತು. ಜಗಳ ಆಡಿದ ಎರಡೂ ಮನೆಯವರು ಒಟ್ಟಿಗೆ ಒಂದೇ ಟಂಟಂನಲ್ಲಿ ಊರಿಗೆ ಹೋದರು.

ಒಬ್ಬರ ಕಥೆ ಹಿಡಿದುಕೊಂಡು ಇಡೀ ವ್ಯವಸ್ಥೆಯನ್ನು ದೂರುತ್ತಿದ್ದಾನೆ ಅಂತ ತಮಗೆ ಅನ್ನಿಸಬಹುದು. ಹಾಗಲ್ಲ. ವಾರಂಟ್ ಮೇಲೆ ಬಂದವರನ್ನು ಯಾಕೆ ಬರಲಿಲ್ಲ ಎಂದು ಕೇಳಿದಾಗ ನನ್ನ ಕಿವಿಗೆ ಬಿದ್ದ ಉತ್ತರಗಳು ಹೆಚ್ಚುಕಡಿಮೆ ಇದೇ ತರಹದವು. ಕಬ್ಬು ಕಡಿಯಲು ಮಂಡ್ಯಕ್ಕೆ ಹೋಗಿದ್ದೆ, ಮೇಸ್ತ್ರಿ ಬಿಡಲಿಲ್ಲ. ಬಸ್ಸು ತಪ್ಪಿತು, ಬರುವಷ್ಟರಲ್ಲಿ ಕೂಗಿ ಆಗಿತ್ತು. ಮನೆಯಲ್ಲಿ ಸಾವಾಗಿತ್ತು. ಮಗುವಿಗೆ ಜ್ವರ. ವಕೀಲರಿಗೆ ಕೊಡಲು ದುಡ್ಡಿರಲಿಲ್ಲ, ಬರಿಗೈಯಲ್ಲಿ ಮುಖ ತೋರಿಸಲು ನಾಚಿಕೆ ಆಯಿತು. ಈ ಕೊನೆಯ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಇನ್ನೊಂದು ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದು ಕೋರ್ಟಿನ ಒಳಗೇ ಹುಟ್ಟುವಂಥದ್ದು. ನ್ಯಾಯಾಧೀಶರು ರಜೆ ಇದ್ದ ದಿನ, ಅಥವಾ ವಕೀಲರು ಕಲಾಪದಿಂದ ಹೊರಗುಳಿದ ದಿನ, ಪಟ್ಟಿಯಲ್ಲಿರುವ ಎಲ್ಲ ಕೇಸುಗಳಿಗೂ ಒಟ್ಟಿಗೆ ಬೇರೆ ತಾರೀಕು ಬೀಳುತ್ತದೆ. ಎಪ್ಪತ್ತು ಎಂಬತ್ತು ಕೇಸು, ಬಾಗಿಲಲ್ಲಿ ನೂರಾರು ಜನ. ನಾವು ಒಂದೊಂದಾಗಿ ಓದುತ್ತೇವೆ, ಗದ್ದಲದಲ್ಲಿ ಯಾರಿಗೆ ಕೇಳಿಸಿತೋ ಅವರು ಬರೆದುಕೊಳ್ಳುತ್ತಾರೆ. ಬರೆಯಲು ಬಾರದವರು ಪಕ್ಕದವರನ್ನು ಕೇಳುತ್ತಾರೆ. ಹೀಗೆ ಐದು ಸಲ ಕೂಲಿ ಬಿಟ್ಟು ಬಂದು, ಐದೂ ಸಲ ಸುಮ್ನೆ ತಾರೀಕು ತೆಗೆದುಕೊಂಡು ಹೋದವನು ಆರನೇ ಸಲ ಬಾರದಿದ್ದರೆ ನಮ್ಮ ಕಡತದಲ್ಲಿ ಉಳಿಯುವುದು ಆ ಆರನೆಯದು ಮಾತ್ರ. ಅವನು ಬಂದು ನಿಂತ ಐದು ದಿನಗಳ ಬಗ್ಗೆ ಯಾರೂ ಕೇಳುವುದಿಲ್ಲ. ಬಂದಿದ್ದ ಎಂಬುದು ಆರ್ಡರ್ ಶೀಟಿನಲ್ಲೇ ಇರುತ್ತದೆ. ಹಿಂದಿನ ಎರಡು ಪುಟ ತಿರುವಿ ನೋಡಲು ಸಮಯ ಇರುವುದಿಲ್ಲ, ಅಷ್ಟೇ.

ವಾರಂಟ್ ಆದ ಮೇಲೆ ನಡೆಯುವುದು ತಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕೂಲಿಯವನ ಕಡೆಯಿಂದ ಒಮ್ಮೆ ನೋಡಿ. ವಾರಂಟ್ ರೀಕಾಲ್ ಮಾಡಿಸಲು ವಕೀಲರ ಫೀಸು. ಕೋರ್ಟು ಹಾಕಬಹುದಾದ ದಂಡ. ಹಾಜರಾಗುತ್ತೇನೆ ಎಂದು ಬರೆದುಕೊಟ್ಟ ಬಾಂಡ್ ಜಪ್ತಿಯಾದರೆ ಅದರ ಹಣ. ಹಳೆಯ ಬಾಂಡ್ ರದ್ದಾದರೆ ಮತ್ತೆ ಹೊಸ ಶೂರಿಟಿ, ಅವರ ಪಹಣಿ, ಅವರ ಆಧಾರ್, ಅವರನ್ನು ಕರೆತರುವ ಬಸ್ ಚಾರ್ಜು, ಅವರ ಒಂದು ದಿನದ ಕೂಲಿ. ಜೊತೆಗೆ, ಜಾಮೀನಿನ ಮೇಲೆ ಹೊರಗಿದ್ದು ಸಕಾರಣವಿಲ್ಲದೆ ಹಾಜರಾಗದಿದ್ದರೆ ಅದೇ ಒಂದು ಬೇರೆ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮಿನಲ್ಲಿ ಇದಕ್ಕೆ ಒಂದು ವರ್ಷದವರೆಗೆ ಶಿಕ್ಷೆ ಇದೆ, ಮತ್ತು ಕಾರಣ ಸರಿಯಾಗಿತ್ತು ಎಂದು ತೋರಿಸುವ ಹೊರೆ ಆರೋಪಿಯ ಮೇಲೆಯೇ ಇದೆ. ಶೂರಿಟಿ ನಿಂತವನ ಪಾಡೂ ಕಮ್ಮಿಯದಲ್ಲ. ದಂಡ ಕಟ್ಟದೆ, ಅದನ್ನು ವಸೂಲಿ ಮಾಡಲೂ ಆಗದಿದ್ದರೆ ಆರು ತಿಂಗಳವರೆಗೆ ಅವನನ್ನು ಸಿವಿಲ್ ಜೈಲಿನಲ್ಲಿ ಇಡಬಹುದು. ಪಕ್ಕದ ಮನೆಯವನಿಗೆ ಸಹಾಯ ಮಾಡಲು ಪಹಣಿ ಕೊಟ್ಟ ರೈತನಿಗೆ ಇದು ಗೊತ್ತಾಗುವುದು ನೋಟಿಸ್ ಬಂದ ಮೇಲೆಯೇ.

ಇದೆಲ್ಲ ಒಟ್ಟಾಗಿ ಒಂದು ಭಯ ಹುಟ್ಟಿಸುತ್ತದೆ. ಆ ಭಯವೇ ಮರೆತವನನ್ನು ಓಡಿಹೋದವನನ್ನಾಗಿ ಮಾಡುತ್ತದೆ. ಇದು ನನ್ನ ಇಡೀ ಸರ್ವಿಸಿನಲ್ಲಿ ನಾನು ಕಂಡುಕೊಂಡ ಅತಿ ಮುಖ್ಯವಾದ ವಿಷಯ. ತಾರೀಕು ತಪ್ಪಿದ ಮರುದಿನವೇ ಬಂದವರನ್ನು ನೋಡಿದ್ದೇನೆ, ಗಾಬರಿಯಲ್ಲಿ ಬೆವರುತ್ತಾ ಬಂದವರು. ಅವರಿಗೆ ಅಲ್ಲೇ ಒಂದು ದಾರಿ ಸಿಕ್ಕರೆ ಕೇಸು ಮುಂದೆ ಹೋಗುತ್ತದೆ. ಸಿಗದಿದ್ದರೆ ಅವರು ಬೆಂಗಳೂರಿಗೋ, ಕೊಡಗಿನ ಎಸ್ಟೇಟಿಗೋ ಹೋಗಿಬಿಡುತ್ತಾರೆ. ಆಮೇಲೆ ವರ್ಷಗಟ್ಟಲೆ ವಾರಂಟ್ ಜಾರಿಯಾಗದೆ ವಾಪಸ್ ಬರುತ್ತದೆ. ಉಳಿದ ಆರೋಪಿಗಳಿಗಾಗಿ ಕೇಸನ್ನು ಸ್ಪ್ಲಿಟ್ ಅಪ್ ಮಾಡುತ್ತೇವೆ, ಅಂದರೆ ಒಡೆದು ಬೇರೆ ಮಾಡುತ್ತೇವೆ. ಇವರ ಕೇಸು ಎಲ್‌ಪಿಸಿ ರಿಜಿಸ್ಟರಿಗೆ, ಅಂದರೆ ಬಹಳ ಕಾಲದಿಂದ ಬಾಕಿ ಇರುವ ಕೇಸುಗಳ ಪುಸ್ತಕಕ್ಕೆ, ಹೋಗುತ್ತದೆ. ಸಾಕ್ಷಿಗಳು ಎರಡೆರಡು ಸಲ ಬಂದು ಅದೇ ಸಾಕ್ಷ್ಯ ಹೇಳಬೇಕಾಗುತ್ತದೆ. ಒಂದು ಫೋನ್ ಕರೆಯಲ್ಲಿ ಮುಗಿಯಬಹುದಾಗಿದ್ದ ವಿಷಯ ಇದು.

ನ್ಯಾಯಾಧೀಶರನ್ನು ನಾನು ದೂರುತ್ತಿಲ್ಲ. ಅವರ ಪಕ್ಕದಲ್ಲೇ ಕೂತಿದ್ದವನು ನಾನು. ಒಂದೊಂದು ಕೇಸಿಗೆ ಸಿಗುವುದು ಎರಡೋ ಮೂರೋ ನಿಮಿಷ. ಹಳೆಯ ಕೇಸು ಮುಗಿಸಿ ಎಂಬ ಒತ್ತಡ ಮೇಲಿನಿಂದ ಇದ್ದೇ ಇರುತ್ತದೆ. ಆರೋಪಿ ಬಂದಿಲ್ಲ ಅಂದಾಗ ಏನಾದರೂ ಆದೇಶ ಬರೆಯಲೇಬೇಕು. ಕೈಗೆ ಹತ್ತಿರ ಇರುವ ಆದೇಶ ಎನ್‌ಬಿಡಬ್ಲ್ಯೂ. ಅದಕ್ಕಿಂತ ಮೊದಲು ಮಾಡಬಹುದಾದ ಇನ್ನೊಂದು ಕೆಲಸವನ್ನು ವ್ಯವಸ್ಥೆಯೇ ಅವರ ಕೈಗೆ ಕೊಟ್ಟಿಲ್ಲ. ನಾನು ಕೇಳುತ್ತಿರುವುದು ಆ ಇನ್ನೊಂದು ಕೆಲಸವನ್ನು.

ಕಾನೂನಿನ ದಾರಿ ಈಗಾಗಲೇ ಇದೆ. 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಮೆಟ್ಟಿಲಾಗಿ ಹೇಳಿತು. ಮೊದಲು ಸಮನ್ಸ್, ಅದಕ್ಕೆ ಬಾರದಿದ್ದರೆ ಜಾಮೀನು ಸಹಿತ ವಾರಂಟ್, ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂಬುದು ಮನವರಿಕೆಯಾದ ಮೇಲೆ ಜಾಮೀನುರಹಿತ ವಾರಂಟ್. 2022ರ ಜುಲೈನಲ್ಲಿ ಸತೇಂದ್ರ ಕುಮಾರ್ ಆಂಟಿಲ್ ಪ್ರಕರಣದಲ್ಲಿ ಜಾಮೀನಿನ ಬಗ್ಗೆ ದೇಶದ ಎಲ್ಲ ಕೋರ್ಟುಗಳಿಗೂ ವಿವರವಾದ ಸೂಚನೆ ಕೊಟ್ಟಿತು. ತೀರ್ಪುಗಳಿಗೆ ಕೊರತೆ ಇಲ್ಲ. ತಾಲ್ಲೂಕು ಕೋರ್ಟಿನ ಬೆಳಗಿನ ಹನ್ನೊಂದು ಗಂಟೆಯ ಗಡಿಬಿಡಿಯಲ್ಲಿ ಆ ಮೆಟ್ಟಿಲು ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಕೋರಿಕೆಗಳಲ್ಲಿ ಮೊದಲನೆಯದು, ಚೀಟಿ. ದಯವಿಟ್ಟು ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಕೋರ್ಟಿಗೆ ಬಂದ ಪ್ರತಿಯೊಬ್ಬ ಆರೋಪಿಗೂ, ಸಾಕ್ಷಿಗೂ ಮುಂದಿನ ತಾರೀಕು ಅಚ್ಚಾದ ಒಂದು ಚೀಟಿ ಕೊಡಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ತಾರೀಕು, ವಾರ, ಸಮಯ, ಯಾವ ಕೋರ್ಟು, ಎಷ್ಟನೇ ಮಹಡಿ, ಬರಲು ಆಗದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಇಷ್ಟಿದ್ದರೆ ಸಾಕು. ತಾರೀಕಿನ ಪಕ್ಕ ವಾರ ಬರೆದಿದ್ದರೆ 11 ಮತ್ತು 17ರ ಗೊಂದಲ ಅವತ್ತು ಆಗುತ್ತಲೇ ಇರಲಿಲ್ಲ. ಕೆಎಸ್‌ಆರ್‌ಟಿಸಿ ಕಂಡಕ್ಟರ್ ಓಡುವ ಬಸ್ಸಿನಲ್ಲಿ ನಿಂತುಕೊಂಡೇ ಅಚ್ಚಾದ ಟಿಕೆಟ್ ಕೊಡುತ್ತಾರೆ. ಕೋರ್ಟು ಕೊಡಲು ಆಗುವುದಿಲ್ಲವಾ?

ನ್ಯೂಯಾರ್ಕ್ ನಗರದಲ್ಲಿ ಇದನ್ನೇ ಮಾಡಿ ನೋಡಿದ್ದಾರೆ. ಸಣ್ಣಪುಟ್ಟ ಕೇಸುಗಳಲ್ಲಿ ಪೊಲೀಸರು ಕೊಡುವ ಸಮನ್ಸ್ ಫಾರಂನಲ್ಲಿ ಕೋರ್ಟಿನ ತಾರೀಕು ಸುಲಭವಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಅದನ್ನು ಮೇಲಕ್ಕೆ ತಂದು, ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಸರಳವಾಗಿ ಬರೆದರು. ಗೈರುಹಾಜರಿ ಶೇ 13ರಷ್ಟು ಇಳಿಯಿತು. ಮೊಬೈಲಿಗೆ ನೆನಪಿನ ಮೆಸೇಜು ಕಳಿಸಿದಾಗ ಶೇ 21ರಷ್ಟು ಇಳಿಯಿತು. 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅಲ್ಲಿನ ಕಾನೂನು ಬೇರೆ, ಜನಜೀವನ ಬೇರೆ, ಒಪ್ಪುತ್ತೇನೆ. ಆದರೆ ಮರೆವು ಎಲ್ಲ ಕಡೆಯೂ ಒಂದೇ ಅಲ್ವಾ?

ಮೆಸೇಜಿನ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ಅಲ್ಲ. ಕೋರ್ಟುಗಳನ್ನು ಕಂಪ್ಯೂಟರಿಗೆ ತರುವ ಇ-ಕೋರ್ಟ್ಸ್ ಯೋಜನೆಯಲ್ಲಿ ಎಸ್‌ಎಂಎಸ್ ಇದೆ, ಆ್ಯಪ್ ಇದೆ. ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ತೊಡಕು ಇರುವುದು ತೀರಾ ಕೆಳಗೆ. ನನ್ನ ಅನುಭವದಲ್ಲಿ ಕೇಸು ದಾಖಲಾಗುವಾಗ ಮೊಬೈಲ್ ನಂಬರಿನ ಜಾಗದಲ್ಲಿ ವಕೀಲರ ನಂಬರ್ ಇರುತ್ತದೆ, ಇಲ್ಲವೇ ಆ ಜಾಗ ಖಾಲಿ ಇರುತ್ತದೆ. ಆರೋಪಿಯ ನಂಬರ್ ಪೊಲೀಸ್ ಕಡತದಲ್ಲಿ ಇದ್ದರೂ ನಮ್ಮ ಕಂಪ್ಯೂಟರಿಗೆ ಬರುವುದಿಲ್ಲ. ಬಂದರೂ ಎರಡು ವರ್ಷದಲ್ಲಿ ಆ ಸಿಮ್ ಬದಲಾಗಿರುತ್ತದೆ. ಹಾಗಾಗಿ ಜಾಮೀನು ಬಾಂಡ್ ಬರೆಸಿಕೊಳ್ಳುವಾಗಲೇ ಎರಡು ನಂಬರ್ ತೆಗೆದುಕೊಳ್ಳಿ, ಆರೋಪಿಯದೊಂದು, ಮನೆಯವರದೊಂದು. ಪ್ರತಿ ವಾಯಿದೆಗೂ ನಂಬರ್ ಬದಲಾಗಿದೆಯಾ ಅಂತ ಕೇಳಿ. ಮೂರು ದಿನ ಮೊದಲು ಒಂದು ಮೆಸೇಜು, ಹಿಂದಿನ ಸಂಜೆ ಒಂದು ಧ್ವನಿ ಕರೆ. ಓದಲು ಬಾರದವರಿಗೆ ಧ್ವನಿ ಕರೆಯೇ ಗತಿ. ಇದು ನೆನಪಿಸುವುದಷ್ಟೇ, ಸಮನ್ಸ್ ಜಾರಿ ಅಲ್ಲ. ಕಾನೂನಿನ ತಕರಾರು ಏಳುವ ಪ್ರಶ್ನೆಯೂ ಇಲ್ಲ.

ಇನ್ನು, ನೆನಪಿಸಿದ ಮೇಲೂ ಬಾರದಿದ್ದರೆ? ಮೊದಲ ಸಲ ತಪ್ಪಿದವನಿಗೆ ಅಂದೇ ವಾರಂಟ್ ಬೇಡ. ಕೇಸನ್ನು ಸಂಜೆಯವರೆಗೆ ಪಾಸ್ ಓವರ್ ಮಾಡಿ, ಅಂದರೆ ಬದಿಗಿಟ್ಟು ಕೊನೆಗೆ ಮತ್ತೆ ಕೂಗಿಸಿ. ಬಸ್ಸು ತಪ್ಪಿದವನು ಅಷ್ಟರಲ್ಲಿ ಬಂದಿರುತ್ತಾನೆ. ಆಗಲೂ ಬಾರದಿದ್ದರೆ ಕೋರ್ಟಿನಿಂದಲೇ ಒಂದು ಫೋನ್ ಮಾಡಿಸಿ, ಒಂದು ವಾರದೊಳಗಿನ ತಾರೀಕು ಕೊಡಿ. ಆ ವಾರದಲ್ಲಿ ಯಾವ ದಿನ ಬಂದರೂ, ವಕೀಲರಿರಲಿ ಇಲ್ಲದಿರಲಿ, ಕಾರಣ ಹೇಳಿ ಹೊಸ ತಾರೀಕು ತೆಗೆದುಕೊಳ್ಳಲು ಅವಕಾಶ ಇರಲಿ. ಅದೂ ಆಗದಿದ್ದರೆ ಜಾಮೀನು ಸಹಿತ ವಾರಂಟ್. ಜಾಮೀನುರಹಿತ ವಾರಂಟ್ ಬರೆಯುವ ಮೊದಲು ಹಿಂದಿನ ಹಾಜರಾತಿ ಹೇಗಿತ್ತು ಎಂಬುದನ್ನು ಆರ್ಡರ್ ಶೀಟಿನಲ್ಲಿ ಒಂದು ಸಾಲು ಬರೆಯುವುದು ಕಡ್ಡಾಯವಾಗಲಿ. ಆ ಒಂದು ಸಾಲು ಬರೆಯಬೇಕು ಅಂದರೆ ಹಿಂದಿನ ಪುಟ ತಿರುವಲೇಬೇಕು. ಕೊಲೆ, ಅತ್ಯಾಚಾರದಂಥ ಕೇಸುಗಳಲ್ಲಿ, ಸಾಕ್ಷಿಗಳನ್ನು ಹೆದರಿಸುವವರ ವಿಷಯದಲ್ಲಿ ನ್ಯಾಯಾಧೀಶರು ಬೇರೆ ರೀತಿ ಯೋಚಿಸಬೇಕಾಗುತ್ತದೆ, ಅದನ್ನು ನಾನು ಬಲ್ಲೆ. ನಾನು ಹೇಳುತ್ತಿರುವುದು ತಾಲ್ಲೂಕು ಕೋರ್ಟಿನ ಪಟ್ಟಿಯನ್ನು ತುಂಬುವ ಹೊಡೆದಾಟ, ಜೂಜು, ಅಪಘಾತ, ಸಣ್ಣ ಕಳ್ಳತನದ ಕೇಸುಗಳ ಬಗ್ಗೆ.

ಹಾಗೆಯೇ, ಈಗಾಗಲೇ ವಾರಂಟ್ ಇರುವವರಿಗೆ ತಿಂಗಳಲ್ಲಿ ಒಂದು ದಿನ ಪ್ರತಿ ತಾಲ್ಲೂಕಿನಲ್ಲೂ ಬಾಗಿಲು ತೆರೆದಿಡಿ. ಅಂದು ತಾವಾಗಿ ಬಂದವರನ್ನು ಬಂಧಿಸುವುದಿಲ್ಲ, ವಾರಂಟ್ ರೀಕಾಲ್ ಮಾಡಿ ತಾರೀಕು ಕೊಡುತ್ತೇವೆ ಎಂದು ಊರೂರಲ್ಲಿ ತಿಳಿಸಿ. ಲೋಕ ಅದಾಲತ್ ಬಗ್ಗೆ ಪಂಚಾಯಿತಿ ಮಟ್ಟಕ್ಕೂ ಪ್ರಚಾರ ತಲುಪಿಸಲು ನಮಗೆ ಬರುತ್ತದೆ. ಇದಕ್ಕೂ ಅದೇ ಜನ, ಅದೇ ಅರೆ ಕಾನೂನು ಸ್ವಯಂಸೇವಕರು ಸಾಕು. ವಾರಂಟ್ ಹೊರಡಿಸಿದ ಕೋರ್ಟಿಗೇ ಅದನ್ನು ರದ್ದು ಮಾಡುವ ಅಧಿಕಾರ ಇದೆ, ಹೊಸ ಕಾನೂನು ಬೇಕಿಲ್ಲ.

ರೀಕಾಲ್ ಆದ ವಾರಂಟ್ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಕೋರ್ಟಿನಲ್ಲಿ ವಾರಂಟ್ ರದ್ದಾದರೂ ಆ ಸುದ್ದಿ ಠಾಣೆಗೆ ಮುಟ್ಟುವುದು ತಡವಾಗುತ್ತದೆ. ರದ್ದಾದ ವಾರಂಟ್ ಹಿಡಿದುಕೊಂಡು ಪೊಲೀಸರು ಮನೆಗೆ ಹೋದದ್ದನ್ನು ನಾನು ಕಂಡಿದ್ದೇನೆ. ಬೀಟ್ ಪೊಲೀಸಿನ ತಪ್ಪೂ ಅಲ್ಲ, ಅವರ ಕೈಯಲ್ಲಿ ಕೋರ್ಟಿನ ಸೀಲು ಇರುವ ಕಾಗದ ಇರುತ್ತದೆ. ರೀಕಾಲ್ ಆದ ದಿನವೇ ಅದರ ಪ್ರತಿ ಆರೋಪಿಯ ಕೈಗೂ, ಠಾಣೆಯ ಕಂಪ್ಯೂಟರಿಗೂ ಹೋಗಬೇಕು. ಮನುಷ್ಯನ ಸ್ವಾತಂತ್ರ್ಯ ತಪಾಲು ಪುಸ್ತಕದ ಸರದಿಗೆ ಕಾಯಬಾರದು.

ಈಗ ಶೂರಿಟಿ ವಿಷಯಕ್ಕೆ ಬರುತ್ತೇನೆ. ವಾಯಿದೆ ತಪ್ಪುವುದಕ್ಕೂ ಜಾಮೀನಿಗೂ ಬಿಡಿಸಲಾಗದ ನಂಟಿದೆ. ದುಡ್ಡು, ಆಸ್ತಿ ಪಣಕ್ಕಿಟ್ಟರೆ ಮಾತ್ರ ಮನುಷ್ಯ ವಾಪಸ್ ಬರುತ್ತಾನೆ ಎಂಬ ನಂಬಿಕೆಯ ಮೇಲೆ ಇಡೀ ಪದ್ಧತಿ ನಿಂತಿದೆ. 1978ರಲ್ಲೇ ಮೋತಿ ರಾಮ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ನಂಬಿಕೆಯನ್ನು ಪ್ರಶ್ನಿಸಿದರು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಶೂರಿಟಿ ಕೇಳಿದ್ದರು. ಅವನ ಅಣ್ಣತಮ್ಮನೇ ಶೂರಿಟಿ ನಿಲ್ಲಲು ಬಂದರೂ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟ್ ಒಪ್ಪಿರಲಿಲ್ಲ. ಕನ್ನಡಿಗನೋ, ತಮಿಳನೋ, ಮಲಯಾಳಿಯೋ ದೂರದ ಬಸ್ತಾರಿನಲ್ಲಿ, ಪೋರ್ಟ್ ಬ್ಲೇರಿನಲ್ಲಿ ಬಂಧನವಾದರೆ ಅಲ್ಲಿ ಆಸ್ತಿ ಇರುವ ಶೂರಿಟಿಯನ್ನು ಎಲ್ಲಿಂದ ತರಬೇಕು ಎಂದು ಆ ತೀರ್ಪು ಕೇಳಿತು. ಮರುವರ್ಷ ಬಿಹಾರದ ಜೈಲುಗಳ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು, ಊರಲ್ಲಿ ಬೇರು ಇರುವ ಮನುಷ್ಯನನ್ನು ಹಣದ ಪಣವಿಲ್ಲದೆ ಸ್ವಂತ ಬಾಂಡ್ ಮೇಲೆ ಬಿಡಬಹುದು ಎಂದರು. ಅದಕ್ಕೆ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಬೇಲ್ ಪ್ರಾಜೆಕ್ಟಿನ ಅನುಭವವನ್ನೂ ತೋರಿಸಿದರು. 1961ರಲ್ಲಿ ಶುರುವಾದ ಯೋಜನೆ ಅದು. ಮನೆ, ಕುಟುಂಬ, ಕೆಲಸ ಇವನ್ನು ವಿಚಾರಿಸಿ, ಹಣವಿಲ್ಲದೆ ಬಿಟ್ಟವರಲ್ಲಿ ಬಹುಪಾಲು ಜನ ಹೇಳಿದ ದಿನ ಬಂದರು.

ನಮ್ಮ ರಾಜ್ಯದಲ್ಲೇ ನೋಡಿ. ಯಾದಗಿರಿಯಿಂದ ಬಂದು ಬೆಂಗಳೂರಿನ ಕಟ್ಟಡದಲ್ಲಿ ಕೆಲಸ ಮಾಡುವವನಿಗೆ ಬೆಂಗಳೂರಿನ ಆಸ್ತಿದಾರ ಯಾರು ಶೂರಿಟಿ ನಿಲ್ಲುತ್ತಾರೆ? ಅವನ ಪರಿಚಯದವರೆಲ್ಲ ಅವನ ಹಾಗೆಯೇ ಶೆಡ್ಡಿನಲ್ಲಿ ಮಲಗುವವರು. ಅಲ್ಲಿಗೆ ಬರುತ್ತಾರೆ, ದುಡ್ಡು ತೆಗೆದುಕೊಂಡು ನಕಲಿ ಪಹಣಿ ತೋರಿಸಿ ಶೂರಿಟಿ ನಿಲ್ಲುವ ದಂಧೆಯವರು. ಇಂಥವರನ್ನು ಹಿಡಿದ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಆರೋಪಿ ಯಾರು ಎಂದೇ ಗೊತ್ತಿಲ್ಲದ ಶೂರಿಟಿ ಅವನನ್ನು ಹೇಗೆ ಕರೆತರುತ್ತಾನೆ? ಅದಕ್ಕಿಂತ ಪರಿಚಯದ ಮೇಸ್ತ್ರಿ, ಊರಿನ ಶಾಲೆಯ ಮೇಷ್ಟ್ರು, ಹೆಂಡತಿ, ಅಕ್ಕ, ಇವರಲ್ಲಿ ಯಾರಾದರೂ "ನಾನು ನೆನಪಿಸುತ್ತೇನೆ, ಕರೆತರುತ್ತೇನೆ" ಎಂದು ಹೇಳುವುದಕ್ಕೆ ಬೆಲೆ ಜಾಸ್ತಿ ಅಂತ ನನ್ನ ಅನುಭವ.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಈ ಬಗ್ಗೆ ಸ್ಪಷ್ಟವಾದ ಸೂಚನೆ ಕೊಟ್ಟಿದೆ. ಜಾಮೀನಿನ ಆದೇಶ ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಹೋಗಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ಕೋರ್ಟು ತಾನಾಗಿಯೇ ನೋಡಬಹುದು. ಸ್ಥಳೀಯ ಶೂರಿಟಿಗೆ ಪಟ್ಟು ಹಿಡಿಯದಿರುವುದು ಒಳ್ಳೆಯದು. ಅದೇ ವರ್ಷ ಕೇಂದ್ರ ಗೃಹ ಸಚಿವಾಲಯ ಬಡ ಕೈದಿಗಳ ನೆರವಿಗೆ ಯೋಜನೆ ತಂದಿತು, ವಿಚಾರಣಾಧೀನ ಕೈದಿಯ ಜಾಮೀನಿಗೆ 40,000 ರೂಪಾಯಿವರೆಗೆ ಸಹಾಯ ಎಂದು ಆಗ ಗೊತ್ತುಮಾಡಿತ್ತು. ಬೈಲಬಲ್, ಅಂದರೆ ಜಾಮೀನು ಕೊಡಲೇಬೇಕಾದ ಕೇಸಿನಲ್ಲಿ ಬಂಧನವಾಗಿ ಒಂದು ವಾರದಲ್ಲಿ ಶೂರಿಟಿ ಕೊಡಲಾಗದವನನ್ನು ಬಡವ ಎಂದೇ ಭಾವಿಸಿ ಸ್ವಂತ ಬಾಂಡ್ ಮೇಲೆ ಬಿಡಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಮು ಹೇಳುತ್ತದೆ. ಈ ಮಾತು ಹಳೆಯ ಸಂಹಿತೆಯಲ್ಲೂ ಇತ್ತು. ಇಷ್ಟೆಲ್ಲ ಇದ್ದೂ, 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ನಾಲ್ಕರಲ್ಲಿ ಮೂವರು ಇನ್ನೂ ತಪ್ಪಿತಸ್ಥರೆಂದು ತೀರ್ಮಾನವಾಗದವರು.

ಇಷ್ಟು ಓದಿದ ಮೇಲೆ ಕೆಲವರು ಕೇಳುತ್ತಾರೆ, "ಹಾಗಾದರೆ ನೊಂದವರ ಗತಿ ಏನು?" ನ್ಯಾಯವಾದ ಪ್ರಶ್ನೆ. ಜೀವನಾಂಶದ ಕೇಸಿಗೆ ಮಗುವನ್ನು ಎತ್ತಿಕೊಂಡು ತಿಂಗಳು ತಿಂಗಳು ಬಂದು ಹೋದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಗಂಡನ ಮೇಲೆ ಎಫ್‌ಎಲ್‌ಡಬ್ಲ್ಯೂ, ಅಂದರೆ ಬಾಕಿ ಹಣ ವಸೂಲಿಯ ವಾರಂಟ್, ಹೊರಟಿರುತ್ತದೆ, "ಆಸಾಮಿ ಮನೆಯಲ್ಲಿ ಸಿಗಲಿಲ್ಲ" ಎಂದು ಷರಾ ಬರೆದು ವಾಪಸ್ ಬರುತ್ತದೆ. ಆ ಮನುಷ್ಯ ಅದೇ ಊರಿನಲ್ಲಿ ಓಡಾಡಿಕೊಂಡಿರುತ್ತಾನೆ. ನಿಜವಾಗಿ ತಪ್ಪಿಸಿಕೊಳ್ಳುವವನು ಅವನು. ಆದರೆ ಠಾಣೆಯಲ್ಲಿ ವಾರಂಟ್ ಕೆಲಸಕ್ಕೆ ಇರುವುದು ಒಬ್ಬರೋ ಇಬ್ಬರೋ. ಅವರ ಚೀಲದ ತುಂಬ ಮರೆತವರ, ಬಸ್ಸು ತಪ್ಪಿದವರ ವಾರಂಟುಗಳೇ ತುಂಬಿದ್ದರೆ ಇವನನ್ನು ಹುಡುಕಲು ಸಮಯ ಎಲ್ಲಿ? ಆ ಚೀಲ ಹಗುರಾದರೆ ಆ ತಾಯಿಯ ಕೇಸಿಗೇ ಒಳ್ಳೆಯದಾಗುತ್ತದೆ. ನಾನು ಕೇಳುತ್ತಿರುವ ಬದಲಾವಣೆ ಅವರಿಗಾಗಿಯೂ ಹೌದು.

ಎಲ್ಲ ವಾಯಿದೆಗೂ ಆರೋಪಿ ಖುದ್ದಾಗಿ ಬರಬೇಕಾ ಎಂಬುದನ್ನೂ ಯೋಚಿಸಿ. ಸಾಕ್ಷಿ ಬಂದಿಲ್ಲ, ವರದಿ ಬಂದಿಲ್ಲ ಎಂದು ಮುಂದೂಡುವ ದಿನ ಅವನು ಬಂದು ನಿಂತು ಆಗುವುದೇನು? ಹಾಜರಾತಿಯಿಂದ ವಿನಾಯಿತಿ ಕೊಡುವ ಅಧಿಕಾರ ಕಾನೂನಿನಲ್ಲಿ ಮೊದಲಿನಿಂದಲೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 355ನೇ ಕಲಮಿನಲ್ಲಿ ವಿಡಿಯೊ ಮೂಲಕ ಹಾಜರಾಗುವುದೂ ಖುದ್ದು ಹಾಜರಾತಿಯೇ ಎಂದು ವಿವರಣೆ ಕೊಟ್ಟಿದ್ದಾರೆ. ಕಬ್ಬಿನ ಗದ್ದೆಯಲ್ಲಿ ಇರುವವನು ಹತ್ತಿರದ ತಾಲ್ಲೂಕು ಕೋರ್ಟಿಗೋ, ಗ್ರಾಮ ಪಂಚಾಯಿತಿ ಕಚೇರಿಗೋ ಹೋಗಿ ಪರದೆಯ ಮೇಲೆ ಮುಖ ತೋರಿಸಿದರೆ ಸಾಲದೇ? ಎರಡು ದಿನದ ಕೂಲಿ, ಹೋಗಿ ಬರುವ ಖರ್ಚು ಉಳಿಯುತ್ತದೆ.

ಕೊನೆಯದಾಗಿ, ದಯವಿಟ್ಟು ಎಣಿಸಿ. ಎಷ್ಟು ಕೇಸು ಇತ್ಯರ್ಥವಾಯಿತು ಎಂದು ಪ್ರತಿ ತಿಂಗಳು ನಾವು ಹೈಕೋರ್ಟಿಗೆ ಲೆಕ್ಕ ಕಳಿಸುತ್ತಿದ್ದೆವು. ವಾಯಿದೆಗೆ ಬಾರದವರು ಯಾಕೆ ಬರಲಿಲ್ಲ ಎಂಬ ಕಾಲಂ ಅದರಲ್ಲಿ ಇರಲಿಲ್ಲ. ಮರೆವು, ಕೆಲಸ, ಕಾಯಿಲೆ, ತಾರೀಕೇ ಗೊತ್ತಾಗಲಿಲ್ಲ, ಭಯ, ಬೇಕೆಂದೇ ಬರಲಿಲ್ಲ, ಇಷ್ಟು ಬರೆದುಕೊಂಡರೆ ಸಾಕು. ಒಂದು ವರ್ಷ ಒಂದು ಜಿಲ್ಲೆಯಲ್ಲಿ ಮಾಡಿ ನೋಡಿ. ನನ್ನ ಅನುಭವ ತಪ್ಪಾಗಿದ್ದರೆ ಅದೂ ಗೊತ್ತಾಗಲಿ.

ಮಾನ್ಯರೇ, ನಾನು ಈಗ ಊರಲ್ಲೇ ಇದ್ದೇನೆ. ಕಣ್ಣು ಚೆನ್ನಾಗಿದೆ, ಅಕ್ಷರ ಇನ್ನೂ ದುಂಡಗಿದೆ. ನನ್ನ ಹಾಗೆ ನಿವೃತ್ತರಾದ ಸಿಬ್ಬಂದಿ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಕೋರ್ಟಿನ ಬಾಗಿಲ ಹತ್ತಿರ ಒಂದು ಮೇಜು, ಒಂದು ಕುರ್ಚಿ, ಒಂದು ಫೋನ್ ಕೊಡಿಸಿ. ನಾಳಿನ ಪಟ್ಟಿ ಹಿಡಿದುಕೊಂಡು ಸಂಜೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತೇವೆ. "ನಾಳೆ ನಿಮ್ಮ ಕೇಸಿದೆ, ಹನ್ನೊಂದು ಗಂಟೆಗೆ ಬನ್ನಿ" ಎಂದು ಹೇಳುತ್ತೇವೆ. ಇದಕ್ಕೆ ಸಂಬಳ ಕೇಳುವುದಿಲ್ಲ. ತಮ್ಮ ಒಂದು ಸುತ್ತೋಲೆ ಬಂದರೆ ನಾನು ಮುಂದಿನ ಸೋಮವಾರದಿಂದಲೇ ಬಂದು ಕೂರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಕೋರ್ಟಿನ ಒಬ್ಬ ನಿವೃತ್ತ ಬೆಂಚ್ ಕ್ಲರ್ಕ್